ಮುಖ ನೋಡಿ ಮಣೆ ಹಾಕಬೇಡಿ

ಶನಿವಾರ ಸಂಜೆಯ ಕ್ರಾಫರ್ಡ್ ಮಾರ್ಕೆಟ್. ಹಣ್ಣಿನ ಪೆಟ್ಟಿಗೆ, ಡ್ರೈಫ್ರೂಟ್ ಅಂಗಡಿಗಳನ್ನು ದಾಟಿ ಸಾಕುಪ್ರಾಣಿಗಳ ಕಡೆ ತಿರುಗಿದರೆ ಅದು ಮೊದಲು ಮೂಗಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಲವ್‌ಬರ್ಡ್‌ಗಳ ಗಲಾಟೆ, ಬಿಳಿ ಇಲಿಗಳ ಡಬ್ಬಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತಿರುಗುವ ಬಣ್ಣದ ಮೀನು. ನಡುವೆ ಒಂದು ತಂತಿ ಪಂಜರ. ಅದರಲ್ಲಿ ಒಂದರ ಮೇಲೊಂದು ಬಿದ್ದು ಮಲಗಿದ ನಾಲ್ಕು ಬಿಳಿ ಮರಿಗಳು. ಡೊಂಬಿವಿಲಿಯಿಂದಲೋ ಮೀರಾ ರೋಡಿನಿಂದಲೋ ಬಂದ ಕುಟುಂಬವೊಂದು ಎದುರು ನಿಂತಿದೆ. ಮಗು ತಂತಿಯ ಸಂದಿನಲ್ಲಿ ಬೆರಳು ತೂರಿಸುತ್ತದೆ. ಒಂದು ಮರಿ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತದೆ. “ದೇಖೋ ಭಾಭೀ, ಕಿತ್ನಾ ಶಾಂತ್ ಹೈ. ಪ್ಯೂರ್ ಡಾಲ್ ಫೇಸ್” ಎನ್ನುತ್ತಾನೆ ಅಂಗಡಿಯವ. ಅಮ್ಮ ಕರಗುತ್ತಾರೆ, ಅಪ್ಪ ಫೋನ್ ತೆಗೆದು ಸ್ಕ್ಯಾನ್ ಮಾಡುತ್ತಾರೆ.

ಬೆಕ್ಕಿನ ಮರಿ ಶಾಂತವಾಗಿರುವುದು ಒಳ್ಳೆಯ ಲಕ್ಷಣವೇನಲ್ಲ. ಎರಡು ತಿಂಗಳ ಗಟ್ಟಿಮುಟ್ಟಾದ ಮರಿ ನಿದ್ದೆಯಿಂದ ಎದ್ದರೆ ಬೆರಳನ್ನು ಹಿಡಿಯುತ್ತದೆ, ಕಚ್ಚುತ್ತದೆ, ಪಕ್ಕದ ಮರಿಯ ಬಾಲ ಎಳೆಯುತ್ತದೆ. ಎಬ್ಬಿಸಿದರೂ ಏಳಲೊಲ್ಲದ್ದಕ್ಕೆ ಜ್ವರವೋ ಹಸಿವೋ ನಿರ್ಜಲೀಕರಣವೋ ಇರಬಹುದು. ಮುಂಬಯಿಯ ಅನೇಕ ಮನೆಗಳಿಗೆ ಇದು ತಿಳಿಯುವುದು ನಾಲ್ಕೈದು ದಿನ ತಡವಾಗಿ, ಪ್ರಾಣಿವೈದ್ಯರ ಮೇಜಿನ ಮುಂದೆ.

1869ರಲ್ಲಿ ತೆರೆದ ಈ ಮಾರುಕಟ್ಟೆಗೆ ಈಗಿನ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ. ನಗರಕ್ಕೆ ಹಣ್ಣು ತರಕಾರಿ ಉಣಿಸಲೆಂದು ಕಟ್ಟಿದ ಕಟ್ಟಡದಲ್ಲಿ ಪ್ರಾಣಿ ಪಕ್ಷಿಗಳ ವ್ಯಾಪಾರ ಹಿಂದಿನಿಂದ ನಡೆದು ಬಂದಿದೆ. ದಯಾಸಂಘಗಳು ದೂರು ಕೊಡುತ್ತವೆ, ದಾಳಿ ಆಗುತ್ತದೆ, ಕೆಲ ದಿನಗಳ ಬಳಿಕ ಮತ್ತೆ ಪಂಜರ ತೂಗುತ್ತದೆ. ಈಚೆಗೆ ಅದಕ್ಕಿಂತ ದೊಡ್ಡ ಪೇಟೆ ಮೊಬೈಲಿನಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ, ಅರ್ಧ ದುಡ್ಡು ಮುಂಗಡ, ರೈಲ್ವೆ ಸ್ಟೇಷನ್ನಿನ ಹೊರಗೆ ರಟ್ಟಿನ ಡಬ್ಬಿಯಲ್ಲಿ ‘ಡೆಲಿವರಿ’. ಪೇಟೆ ಯಾವುದಾದರೂ ಕೊಳ್ಳುವವರು ನೋಡುವುದು ಮುಖ, ತುಪ್ಪಳ, ಕಣ್ಣಿನ ಬಣ್ಣ. ಮರಿಯ ಆಯುಸ್ಸು ನಿಂತಿರುವುದೋ, ಅದು ತಾಯಿಯ ಜೊತೆ ಎಷ್ಟು ದಿನ ಇತ್ತು ಎಂಬುದರ ಮೇಲೆ.

ಎಂಟು ವಾರದ ಲೆಕ್ಕ

ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನ ಮರಿಗಳನ್ನು ಮಾರುವಂತಿಲ್ಲ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ವಾರದ ಸಂತೆ, ಆನ್‌ಲೈನ್ ಮಾರಾಟ ಕೂಡ ಈ ನಿಯಮದ ‘ಅಂಗಡಿ’ಯೊಳಗೇ ಬರುತ್ತವೆ. ನೋಂದಣಿ ಪತ್ರ ಎಲ್ಲಿದೆ ಎಂದು ಕೇಳಲು ಗಿರಾಕಿ ಸಂಕೋಚಪಡಬೇಕಾದ್ದಿಲ್ಲ. ಕೇಳಿದೊಡನೆ ಮಾತು ಹಾರಿಸುವವರ ಹತ್ತಿರ ಕೊಳ್ಳದಿರುವುದೇ ಲೇಸು.

ಎಂಟು ವಾರ ಎನ್ನುವುದು ಸುಮ್ಮನೆ ಹಾಕಿದ ಗಡುವೇನಲ್ಲ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ಮರಿಗೆ ತಾಯಿಯ ರೋಗನಿರೋಧಕಗಳು ಸಿಗುತ್ತವೆ. ಮುಂದಿನ ವಾರಗಳಲ್ಲಿ ಅದು ಹಾಲು ಬಿಟ್ಟು ಆಹಾರ ತಿನ್ನಲು, ಮಣ್ಣು ಕೆದರಿ ಮಲ ಮುಚ್ಚಲು, ಎಷ್ಟು ಜೋರಾಗಿ ಕಚ್ಚಿದರೆ ಒಡಹುಟ್ಟಿದವರಿಗೆ ನೋವಾಗುತ್ತದೆ ಎಂದು ಅರಿಯಲು ಕಲಿಯುತ್ತದೆ. ಮನುಷ್ಯರ ಭಯ ಹೋಗಬೇಕಾದರೂ ಎರಡರಿಂದ ಏಳು ವಾರದ ಅವಧಿಯಲ್ಲೇ ಅವರ ಕೈ ಬಳಕೆಯಾಗಬೇಕು ಎಂದು ಬೆಕ್ಕುಗಳ ವರ್ತನೆ ಅಭ್ಯಾಸ ಮಾಡಿದವರು ಹೇಳುತ್ತಾರೆ. ನಾಲ್ಕು ವಾರಕ್ಕೇ ಕಿತ್ತು ತಂದು ಪಂಜರದಲ್ಲಿಟ್ಟರೆ ಇಷ್ಟೂ ತಪ್ಪಿಹೋಗುತ್ತದೆ. ಆದರೆ ಪೇಟೆಗೆ ಚಿಕ್ಕ ಮರಿಯೇ ಬೇಕು. ಅಂಗೈಯಲ್ಲಿ ಹಿಡಿಸುವಷ್ಟಿದ್ದರೆ ಬೇಗ ಬಿಕರಿಯಾಗುತ್ತದೆ.

ಮಾರುವವರು ವಯಸ್ಸು ಏನೇ ಹೇಳಲಿ, ಮರಿಯ ಬಾಯಿ ನಿಜ ಹೇಳುತ್ತದೆ. ಮುಂದಿನ ಪುಟ್ಟ ಹಲ್ಲುಗಳು ಮೂರು ನಾಲ್ಕನೇ ವಾರಕ್ಕೆ ಮೂಡುತ್ತವೆ. ಎಂಟು ವಾರಕ್ಕೆ ದವಡೆಯವೂ ಸೇರಿ 26 ಹಾಲುಹಲ್ಲುಗಳ ಸಾಲು ತುಂಬಿರುತ್ತದೆ. ತೂಕವೂ ಸುಳಿವು ಕೊಡುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ 450 ಗ್ರಾಂ ಏರುವುದರಿಂದ ಎರಡು ತಿಂಗಳ ಮರಿ 800, 900 ಗ್ರಾಂ ತೂಗಬೇಕು. 400 ಗ್ರಾಂ ತೂಗುವುದನ್ನು ‘ದೋ ಮಹೀನೇ ಕಾ’ ಎಂದರೆ ಒಂದೋ ವಯಸ್ಸು ಸುಳ್ಳು, ಇಲ್ಲವೇ ಮರಿ ಸೊರಗಿದೆ.

ಕಣ್ಣಿನ ಕತೆ ಇನ್ನೂ ಸ್ವಾರಸ್ಯದ್ದು. ಹುಟ್ಟುವಾಗ ಎಲ್ಲ ಮರಿಗಳ ಕಣ್ಣೂ ನೀಲಿಯೇ. ಆರೇಳು ವಾರದ ನಂತರ ನಿಜವಾದ ಹಳದಿ, ಹಸಿರು, ತಾಮ್ರದ ಬಣ್ಣ ಇಳಿಯತೊಡಗುತ್ತದೆ. ‘ಬ್ಲೂ ಐ’ ಎಂದು ಹೆಚ್ಚು ದುಡ್ಡು ಕೊಟ್ಟು ತಂದ ಮರಿಯ ಕಣ್ಣು ಹಬ್ಬದ ಹೊತ್ತಿಗೆ ಹಳದಿಯಾದರೆ ಅಚ್ಚರಿಪಡಬೇಕಾಗಿಲ್ಲ. ಅಚ್ಚ ಬಿಳಿ ಮೈಗೆ ಎರಡೂ ನೀಲಿ ಕಣ್ಣು ಖಾಯಂ ಆಗಿ ಉಳಿದರೆ ಅಲ್ಲಿ ಇನ್ನೊಂದು ತೊಡಕು: ಅಂಥ ಬೆಕ್ಕುಗಳಲ್ಲಿ ಹುಟ್ಟುಕಿವುಡು ಬಹಳ ಹೆಚ್ಚು. ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ.

ಕೈಗೆತ್ತಿಕೊಂಡ ಮೇಲೆ

ಮರಿಯನ್ನು ಹಗಲು ಬೆಳಕಿಗೆ ತನ್ನಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಬೆಕ್ಕೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಮುಖ. ಕಣ್ಣಿನ ಮೂಲೆಯಲ್ಲಿ ಹಳದಿ ಪಿಸುರು, ಮೂಗಿನ ಹೊಳ್ಳೆಯಲ್ಲಿ ಒಣಗಿದ ಸಿಂಬಳ, ಬಿಟ್ಟು ಬಿಟ್ಟು ಸೀನು ಇದ್ದರೆ ಅದು ಬೆಕ್ಕಿನ ಫ್ಲೂ. ಇದಕ್ಕೆ ಕಾರಣ ಹೆಚ್ಚಾಗಿ ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್. ಹರ್ಪಿಸ್ ಒಮ್ಮೆ ಹೊಕ್ಕರೆ ಜೀವನಪೂರ್ತಿ ಒಳಗೇ ಕೂತು, ಬೆಕ್ಕಿಗೆ ಗಾಬರಿಯೋ ಆಯಾಸವೋ ಆದಾಗ ಮತ್ತೆ ತಲೆ ಎತ್ತುತ್ತದೆ. ಕಣ್ಣಿನ ಒಳಮೂಲೆಯಿಂದ ಮೂರನೆಯ ರೆಪ್ಪೆ ಎದ್ದು ಅರ್ಧ ಕಣ್ಣು ಮುಚ್ಚಿದ್ದರೂ ಮೈ ಸರಿಯಿಲ್ಲವೆಂದೇ ಲೆಕ್ಕ. ತುಟಿ ಎತ್ತಿ ಒಸಡು ನೋಡಿ. ಅದು ತಿಳಿ ಗುಲಾಬಿ ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಿದೆ, ಚಿಗಟವೋ ಜಂತುವೋ ಹೀರುತ್ತಿರಬಹುದು.

ಕಿವಿಯನ್ನು ಹಿಂದಕ್ಕೆ ಮಡಚಿ ಒಳಗೆ ಇಣುಕಿ. ಕಾಫಿ ಪುಡಿಯಂಥ ಕಪ್ಪು ಕಸ ತುಂಬಿದ್ದರೆ ಅದು ಕಿವಿನುಸಿಯ ಕೆಲಸ. ವಾಸಿಯಾಗುವಂಥದೇ, ಆದರೆ ಪಂಜರದ ಎಲ್ಲ ಮರಿಗಳಿಗೂ ಹಬ್ಬಿದೆ ಎಂದು ತಿಳಿಯಿರಿ. ಚಿಗಟ ಕಣ್ಣಿಗೆ ಬೀಳುವುದು ಕಷ್ಟ, ಅದರ ಹಿಕ್ಕೆ ಬೀಳುತ್ತದೆ. ಬಾಲದ ಬುಡದ ತುಪ್ಪಳವನ್ನು ಬೆರಳಿನಿಂದ ಕೆದರಿ, ಉದುರಿದ ಕರಿ ಚುಕ್ಕೆಗಳನ್ನು ಒದ್ದೆ ಟಿಶ್ಯೂ ಮೇಲೆ ಒರೆಸಿ. ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಚುಕ್ಕೆಯ ಸುತ್ತ ಕೆಂಗಂದು ಹರಡುತ್ತದೆ, ಅದು ಮರಿಯದೇ ಜೀರ್ಣವಾದ ರಕ್ತ.

ತುಪ್ಪಳದಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದೆಯೇ? ಹುಳುಕಡ್ಡಿ. ಪರ್ಷಿಯನ್ ಮರಿಗಳಲ್ಲಿ ಇದು ಸಾಮಾನ್ಯ, ಮನೆಯ ಮಕ್ಕಳ ಕುತ್ತಿಗೆಗೂ ತೋಳಿಗೂ ಅಂಟುತ್ತದೆ. ಬೆನ್ನಿನ ಮೂಳೆ ಕೈಗೆ ಚುಚ್ಚುತ್ತಾ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳು. ಕೊನೆಗೆ ಬಾಲ ಎತ್ತಿ: ಅಲ್ಲಿ ಒದ್ದೆಯೋ ಕೊಳಕೋ ಇದ್ದರೆ ಭೇದಿ ಆಗುತ್ತಿದೆ. ಈ ಒಂದನ್ನು ಕಂಡರೆ ಎಷ್ಟೇ ಮುದ್ದಾಗಿದ್ದರೂ ಕೆಳಗಿಳಿಸಿ ಎನ್ನುತ್ತೇನೆ. ಅದೇ ಪಂಜರದ ‘ಚೆನ್ನಾಗಿರುವ’ ಇನ್ನೊಂದನ್ನೂ ಎತ್ತಿಕೊಳ್ಳಬೇಡಿ.

ಇಂಜೆಕ್ಷನ್ ಕಾರ್ಡಿನ ಗುಟ್ಟು

ಯಾಕೆಂದರೆ ಪ್ಯಾನ್‌ಲ್ಯೂಕೊಪೀನಿಯಾ. ಬೆಕ್ಕು ಸಾಕಿದವರು ಇದನ್ನು ಬೆಕ್ಕಿನ ಪಾರ್ವೊ ಎಂದೂ ಕರೆಯುತ್ತಾರೆ. ವಾಂತಿ, ಭೇದಿ, ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂತರೂ ಕುಡಿಯಲಾಗದ ಸ್ಥಿತಿ. ರಕ್ತದ ಬಿಳಿಕಣಗಳು ಕುಸಿಯುತ್ತವೆ. ಚಿಕಿತ್ಸೆಯಿಲ್ಲದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ವೈರಸ್ ಮೈಸೇರಿದ ಮೇಲೆ ಲಕ್ಷಣ ಕಾಣಲು ಕೆಲವು ದಿನ ಬೇಕು, ಎರಡು ವಾರದ ತನಕವೂ ಆಗಬಹುದು. ಅಂಗಡಿಯಲ್ಲಿ ಕುಣಿಯುತ್ತಿದ್ದ ಮರಿ ಮನೆಗೆ ಬಂದ ಐದನೇ ದಿನ ಮಲಗುವುದು ಹೀಗೆ. ಮಾರಿದವರು ‘ನಮ್ಮಲ್ಲಿ ಚೆನ್ನಾಗಿತ್ತು’ ಎನ್ನುವುದೂ ಅವರ ಮಟ್ಟಿಗೆ ನಿಜವೇ.

ಇದಕ್ಕೆ ತಡೆಯಿದೆ. ‘ಟ್ರೈಕ್ಯಾಟ್’ ಎಂದು ಕ್ಲಿನಿಕ್ಕುಗಳಲ್ಲಿ ಕರೆಯುವ ಲಸಿಕೆ ಪ್ಯಾನ್‌ಲ್ಯೂಕೊಪೀನಿಯಾ ಮತ್ತು ಎರಡು ಫ್ಲೂ ವೈರಸ್‌ಗಳಿಗೆ ಒಟ್ಟಿಗೆ. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದ ತನಕ ಕೊಡಬೇಕು. ಇಷ್ಟು ಸಲ ಯಾಕೆ? ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವವರೆಗೆ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ. ಆ ರಕ್ಷಣೆ ಒಂದೊಂದು ಮರಿಯಲ್ಲಿ ಒಂದೊಂದು ವಾರಕ್ಕೆ ಇಳಿಯುತ್ತದೆ, ಹೊರಗಿನಿಂದ ಅದು ಗೊತ್ತಾಗದು. ಆದ್ದರಿಂದ ‘ಸಬ್ ವ್ಯಾಕ್ಸಿನ್ ಹೋ ಗಯಾ’ ಎಂದು ಎಂಟು ವಾರದ ಮರಿಯನ್ನು ಕೈಗಿತ್ತರೆ ಆ ಮಾತು ನಂಬಬೇಡಿ, ಆಗಿರುವುದಕ್ಕೆ ಸಾಧ್ಯವೇ ಇಲ್ಲ. ರೇಬೀಸ್ ಲಸಿಕೆ 12 ವಾರಕ್ಕೆ.

ಕಾರ್ಡು ಕೊಟ್ಟರೆ ಬಿಡಿಸಿ ನೋಡಿ. ಲಸಿಕೆ ಬಾಟಲಿಯಿಂದ ಕಿತ್ತ ಪುಟ್ಟ ಸ್ಟಿಕ್ಕರ್, ಅದರ ಮೇಲೆ ಬ್ಯಾಚ್ ನಂಬರು ಮತ್ತು ಅವಧಿ, ಪಕ್ಕದಲ್ಲಿ ವೈದ್ಯರ ಸಹಿ ಹಾಗೂ ನೋಂದಣಿ ಸಂಖ್ಯೆ ಇರಬೇಕು. ಬರೀ ಬಾಲ್‌ಪೆನ್ನಿನಲ್ಲಿ ಗೀಚಿದ ತಾರೀಕು ಸಾಲದು.

ಪ್ಯಾನ್‌ಲ್ಯೂಕೊಪೀನಿಯಾ ವೈರಸ್ ನೆಲ, ಪಂಜರ, ಹೊದಿಕೆಯಲ್ಲಿ ವರ್ಷದವರೆಗೂ ಬದುಕಬಲ್ಲದು. ಸಾಧಾರಣ ಫಿನಾಯಿಲ್ ಇದಕ್ಕೆ ನಾಟುವುದಿಲ್ಲ. ನೀರು ಬೆರೆಸಿದ ಬ್ಲೀಚ್ ಬೇಕು. (ಫಿನಾಯಿಲ್ ಬೆಕ್ಕಿಗೆ ವಿಷವೂ ಹೌದು.) ಮನೆಯಲ್ಲಿ ಇತ್ತೀಚೆಗೆ ಮರಿಯೊಂದು ಭೇದಿಯಿಂದ ಸತ್ತಿದ್ದರೆ, ದುಃಖ ಮರೆಯಲು ಮರುವಾರವೇ ಇನ್ನೊಂದು ತರುವವರಿದ್ದಾರೆ. ಲಸಿಕೆ ಪೂರ್ತಿಯಾದ ಬೆಕ್ಕನ್ನಲ್ಲದೆ ಬೇರೆಯದನ್ನು ಆ ಮನೆಗೆ ತರಬಾರದು.

ಮೂಗು ಒಳಗಿಳಿದಷ್ಟೂ ಬೆಲೆ ಮೇಲೆ

ಮುಂಬಯಿಯಲ್ಲಿ ‘ಬೆಕ್ಕು ಕೊಳ್ಳುವುದು’ ಎಂದರೆ ಬಹುತೇಕ ಪರ್ಷಿಯನ್. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಮೆಟ್ಟಿಲುಗಳಿವೆ: ಮೂಗು ತುಸು ಎದ್ದಿದ್ದರೆ ಡಾಲ್ ಫೇಸ್, ಇನ್ನಷ್ಟು ತಗ್ಗಿದ್ದರೆ ಸೆಮಿ ಪಂಚ್, ಎರಡು ಕಣ್ಣುಗಳ ನಡುವೆ ಹುದುಗಿಹೋಗಿದ್ದರೆ ಪಂಚ್ ಫೇಸ್. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತದೆ. ಮುಖ ಚಪ್ಪಟೆಯಾದಷ್ಟೂ ಉಸಿರಿನ ದಾರಿ ಇಕ್ಕಟ್ಟು, ಕಣ್ಣೀರಿನ ನಾಳ ಸೊಟ್ಟ, ಹಲ್ಲುಗಳು ಅಡ್ಡಾದಿಡ್ಡಿ. ಕೆನ್ನೆಯ ಮೇಲೆ ಸದಾ ಕಂದು ನೀರು ಇಳಿಯುವುದು ಅದಕ್ಕೇ. ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಈ ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ತುರ್ತು ಸ್ಥಿತಿ. ಬಾಚಣಿಗೆ ದಿನವೂ ಬೇಕು. ಇಲ್ಲವಾದರೆ ಕಂಕುಳಲ್ಲಿ, ಹೊಟ್ಟೆಯಲ್ಲಿ ತುಪ್ಪಳ ಗಂಟುಗಟ್ಟಿ ಕೆಳಗಿನ ಚರ್ಮ ಕೊಳೆಯುತ್ತದೆ.

ಕಣ್ಣಿಗೆ ಕಾಣದ್ದೂ ಒಂದಿದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುತ್ತಾ ಹೋಗುವ ಆನುವಂಶಿಕ ರೋಗ, ಪಿಕೆಡಿ. ಹೊರದೇಶಗಳಲ್ಲಿ ನಡೆದ ತಪಾಸಣೆಗಳಲ್ಲಿ ಮೂರು ಪರ್ಷಿಯನ್‌ಗಳಲ್ಲಿ ಒಂದರಷ್ಟು ಬೆಕ್ಕುಗಳಲ್ಲಿ ಅದು ಕಂಡುಬಂದಿತ್ತು. ತಂದೆ ತಾಯಿಗಳಲ್ಲಿ ಒಂದರಿಂದ ಬಂದರೂ ಸಾಕು. ಕಾರಣವಾದ ಜೀನ್ ದೋಷ 2004ರಲ್ಲಿ ಪತ್ತೆಯಾದ ಬಳಿಕ ರಕ್ತ ಅಥವಾ ಎಂಜಲಿನಿಂದ ಪರೀಕ್ಷೆ ಸಾಧ್ಯವಾಗಿದೆ. ಬ್ರೀಡರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: “ತಾಯಿಯನ್ನು ತೋರಿಸಿ, ತಂದೆ ತಾಯಿಯ ಪಿಕೆಡಿ ವರದಿ ತೋರಿಸಿ.” ತಾಯಿ ‘ಗಾಂವ್ ಮೇ ಹೈ’ ಎಂಬ ಉತ್ತರ ಬಂದರೆ ಜಾಗ ಖಾಲಿ ಮಾಡಿ. ಒಳ್ಳೆಯ ಬ್ರೀಡರ್ ತನ್ನ ಮನೆಗೇ ಕರೆಯುತ್ತಾರೆ, ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಸ್ಟೇಷನ್ನಿನ ಹೊರಗೆ ಮರಿ ಕೈಗಿಡುವವರು ನಿಮ್ಮ ಹೆಸರನ್ನೂ ಕೇಳುವುದಿಲ್ಲ.

ದುಡ್ಡಿಲ್ಲದೆ ಸಿಗುವ ಬೆಕ್ಕು

ಇಷ್ಟೆಲ್ಲ ಬರೆದ ಮೇಲೆ ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ. ಸಸೂನ್ ಡಾಕಿನಲ್ಲಿ ಮೀನು ಮಾರುವ ಕೋಲಿ ಹೆಂಗಸರ ಬುಟ್ಟಿಯ ಪಕ್ಕ ಕಾಯುವ, ಮಾಟುಂಗಾದ ಉಡುಪಿ ಹೋಟೆಲುಗಳ ಹಿಂಬಾಗಿಲಲ್ಲಿ ಮೈ ಕಾಯಿಸುವ ಬೀದಿ ಬೆಕ್ಕಿನ ಸಂತತಿ ಈ ಊರಿನ ಹವೆಗೆ ಒಗ್ಗಿದ್ದು. ತುಪ್ಪಳ ಗಿಡ್ಡ, ಮೂಗು ನೆಟ್ಟಗೆ, ಯಾವ ತಳಿಯ ರೋಗವೂ ಒಂದೇ ಕಡೆ ಮಡುಗಟ್ಟಿಲ್ಲ. ಮಳೆಗಾಲದಲ್ಲಿ ಪಾರ್ಕ್ ಮಾಡಿದ ಕಾರಿನ ಬಾನೆಟ್ಟಿನೊಳಗಿಂದ ಮಿಯಾಂವ್ ಕೇಳದ ಸೊಸೈಟಿ ಮುಂಬಯಿಯಲ್ಲಿ ಅಪರೂಪ. ಆದರೆ ಸಿಕ್ಕ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಆಹಾರ ಹುಡುಕಿ ಹೋಗಿರಬಹುದು. ಮರಿಗಳು ಬೆಚ್ಚಗೆ, ಸುಮ್ಮನೆ ಮಲಗಿದ್ದರೆ ಕೆಲವು ಗಂಟೆ ದೂರ ನಿಂತು ಕಾಯಿರಿ.

ದತ್ತು ಪಡೆಯಲು ಈ ನಗರದಲ್ಲಿ ದಾರಿಗಳಿವೆ. ‘ವರ್ಲ್ಡ್ ಫಾರ್ ಆಲ್’ ಸಂಸ್ಥೆ ಬಾಂದ್ರಾದಲ್ಲಿ ‘ಅಡಾಪ್ಟಥಾನ್’ ಹೆಸರಿನ ಮೇಳ ನಡೆಸುತ್ತ ಬಂದಿದೆ. 2015ರಲ್ಲಿ ವರ್ಸೋವಾದಲ್ಲಿ ಶುರುವಾದ ಕ್ಯಾಟ್ ಕೆಫೆ ಸ್ಟುಡಿಯೋದಲ್ಲಿ ಚಹಾ ಕುಡಿಯುತ್ತಾ ಬೀದಿಯಿಂದ ತಂದ ಬೆಕ್ಕುಗಳ ಜೊತೆ ಹೊತ್ತು ಕಳೆಯಬಹುದು, ಹೊಂದಿಕೆಯಾದರೆ ಮನೆಗೆ ಕೇಳಬಹುದು. ‘ಫೆಲೈನ್ ಫೌಂಡೇಶನ್’ ಬೀದಿ ಬೆಕ್ಕುಗಳ ಸಂತಾನಹರಣಕ್ಕೇ ಮೀಸಲಾಗಿ ಕೆಲಸ ಮಾಡುತ್ತದೆ. ಕರಿ ಬೆಕ್ಕಿಗೆ ಮನೆ ಸಿಗುವುದು ಎಲ್ಲ ಕಡೆ ನಿಧಾನ, ಕಾರಣ ಹೇಳಬೇಕಾಗಿಲ್ಲ. ಶಕುನ ನಂಬದವರಿಗೆ ಒಳ್ಳೆಯ ಬೆಕ್ಕು ಬೇಗ ಸಿಗುತ್ತದೆ ಎಂದಾಯಿತು.

ಗಂಡ ಹೆಂಡತಿ ಇಬ್ಬರೂ 8.12ರ ಫಾಸ್ಟ್ ಲೋಕಲ್ ಹಿಡಿಯುವ ಮನೆಗೆ ಮರಿಗಿಂತ ಎರಡು ವರ್ಷದ ಬೆಕ್ಕೇ ವಾಸಿ. ಅದರ ಸ್ವಭಾವ ಕಣ್ಣೆದುರಿಗಿರುತ್ತದೆ, ಲಸಿಕೆ ಮುಗಿದಿರುತ್ತದೆ, ಪರದೆ ಹತ್ತುವ ವಯಸ್ಸು ಕಳೆದಿರುತ್ತದೆ. ದೊಡ್ಡ ಬೆಕ್ಕಾದರೆ ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಮತ್ತು ಲ್ಯುಕೀಮಿಯಾ ವೈರಸ್‌ನ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ, ಕ್ಲಿನಿಕ್ಕಿನಲ್ಲೇ ಕಿಟ್ ಇಟ್ಟು ನೋಡುತ್ತಾರೆ.

ನಿಮ್ಮ ಮನೆ ಹೇಗಿದೆ?

ಹತ್ತನೇ ಮಹಡಿಯ ಫ್ಲ್ಯಾಟಿಗೆ ಬೆಕ್ಕು ಬರುವ ಮೊದಲು ಕಿಟಕಿಗೆ ಬಲೆ ಬರಬೇಕು. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂತವರಿದ್ದಾರೆ. 1987ರಲ್ಲಿ ನ್ಯೂಯಾರ್ಕಿನ ವೈದ್ಯರಿಬ್ಬರು ಎತ್ತರದಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ಪ್ರಕಟಿಸಿ, ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು ಎಂದಾಗ ಈ ನಂಬಿಕೆಗೆ ಇನ್ನಷ್ಟು ಬಲ ಬಂತು. ಆದರೆ ಬಿದ್ದಲ್ಲೇ ಸತ್ತವುಗಳನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಬದುಕಿದವಕ್ಕೂ ಶ್ವಾಸಕೋಶ ಒತ್ತಿ, ದವಡೆ ಸೀಳಿ, ಕಾಲು ಮುರಿದಿದ್ದವು. ಪಾರಿವಾಳ ತಡೆಯಲು ಹಾಕಿಸಿದ ತೆಳು ನೈಲಾನ್ ಬಲೆ ಹಲ್ಲಿಗೆ ಹರಿಯುತ್ತದೆ, ಗ್ರಿಲ್ಲಿನ ಸಂದಿನಲ್ಲಿ ಮರಿ ಸಲೀಸಾಗಿ ನುಸುಳುತ್ತದೆ. ಚೌಕಟ್ಟಿಗೆ ಬಿಗಿದ ತಂತಿಜಾಲರಿ ಗಟ್ಟಿ.

ಸೊಸೈಟಿಯವರು ‘ಪ್ರಾಣಿ ಸಾಕುವಂತಿಲ್ಲ’ ಎಂದು ಠರಾವು ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಬಾಡಿಗೆ ಮನೆಯ ಕರಾರು ಬೇರೆ ಮಾತು, ಮಾಲೀಕರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಅಡುಗೆಮನೆಯ ಪ್ರಶ್ನೆಯನ್ನು ಬಹಳ ಜನ ಕೊನೆಗೆ ಎತ್ತುತ್ತಾರೆ. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸದಲ್ಲಿ ಮಾತ್ರ ಸಾಕಷ್ಟಿರುವ ಟಾರಿನ್ ಎಂಬ ಅಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣು ಮಂಕಾಗುತ್ತದೆ, ಹೃದಯ ಸೋಲುತ್ತದೆ. ಹಾಲು ಅನ್ನ ಕಲೆಸಿ ಹಾಕಿ ಬೆಕ್ಕು ಸಾಕುತ್ತೇವೆ ಎನ್ನುವ ಸಸ್ಯಾಹಾರಿ ಮನೆಗಳು ಪೊಟ್ಟಣದ ಆಹಾರಕ್ಕಾದರೂ ಒಪ್ಪಬೇಕು, ಅದಕ್ಕೂ ಮನಸ್ಸಿಲ್ಲದಿದ್ದರೆ ಮೊಲ ಸಾಕಬಹುದು. ಕರಾವಳಿಯ ನಮ್ಮವರ ತಪ್ಪು ತದ್ವಿರುದ್ಧ: ಬರೀ ಬೂತಾಯಿ, ಬಂಗುಡೆ ತಲೆ. ಹಸಿ ಮೀನೊಂದೇ ತಿಂದ ಬೆಕ್ಕಿಗೆ ಬಿ1 ಜೀವಸತ್ವ ಕೊರೆಬಿದ್ದು ತೂರಾಡುವುದುಂಟು. ಇನ್ನು ಹಾಲು. ತೆನಾಲಿ ರಾಮಕೃಷ್ಣನ ಬೆಕ್ಕು ಬಟ್ಟಲು ಕಂಡರೆ ಓಡುತ್ತಿದ್ದುದು ಬಾಯಿ ಸುಟ್ಟುಕೊಂಡಿದ್ದಕ್ಕೆ. ಸುಡದಿದ್ದರೂ ಹಾಲು ಬಿಟ್ಟ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ದಕ್ಕುವುದಿಲ್ಲ, ಭೇದಿಯಾಗುತ್ತದೆ.

ಮೊದಲ ಎರಡು ವಾರ

ತಂದ ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸತನ್ನು ಹದಿನಾಲ್ಕು ದಿನ ಬೇರೆಯಿಡಿ. ಒನ್ ರೂಮ್ ಕಿಚನ್‌ನಲ್ಲಿ ಎಲ್ಲಿ ಬೇರೆಯಿಡುವುದು ಎಂದರೆ ದೊಡ್ಡ ಪಂಜರ ಬಾಡಿಗೆಗೆ ತನ್ನಿ, ಬಟ್ಟಲು ಮತ್ತು ಲಿಟರ್ ಟ್ರೇ ಬೇರೆ ಮಾಡಿ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಲಿಟರನ್ನು ದಿನಕ್ಕೊಮ್ಮೆ ತೆಗೆದರೆ ಗರ್ಭಿಣಿಯರು ಹೆದರುವ ಟಾಕ್ಸೊಪ್ಲಾಸ್ಮಾಕ್ಕೂ ಆಸ್ಪದ ಕಡಿಮೆ, ಮಲದಲ್ಲಿ ಬಿದ್ದ ಅದರ ಬೀಜ ಸೋಂಕು ತಗುಲಿಸುವಷ್ಟು ಬಲಿಯಲು ಒಂದು ದಿನವಾದರೂ ಬೇಕು. ಆ ಕೆಲಸವನ್ನು ಗರ್ಭಿಣಿಯ ಗಂಡ ಮಾಡಲಿ. ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್ ಚೂರು ಕೊಡಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ. ಮರಿ ಒಂದು ದಿನ ಪೂರ್ತಿ ತಿನ್ನದಿದ್ದರೆ ಮರುದಿನಕ್ಕೆ ಕಾಯಬೇಡಿ.

ಪರೇಲಿನ ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತಲೆಮಾರುಗಳಿಂದ ನಗರದ ಬೆಕ್ಕುಗಳನ್ನು ನೋಡುತ್ತ ಬಂದಿದೆ. ಮಹಾಲಕ್ಷ್ಮಿಯಲ್ಲಿ 2024ರ ಜುಲೈನಿಂದ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ಇದೆ. ಮನೆಗೆ ಹತ್ತಿರದ ಕ್ಲಿನಿಕ್ಕಿನ ರಾತ್ರಿ ನಂಬರನ್ನು ಮರಿ ಬರುವ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಲ್ಲದು, ಒಂಬತ್ತು ವಾರಕ್ಕೆ ಈಯುತ್ತದೆ. ಗಂಡಾದರೆ ಪ್ರಾಯಕ್ಕೆ ಬರುತ್ತಿದ್ದಂತೆ ಸೋಫಾ, ಪರದೆ, ಚಪ್ಪಲಿ ಸ್ಟ್ಯಾಂಡಿಗೆ ಮೂತ್ರ ಸಿಡಿಸತೊಡಗುತ್ತದೆ. ಆದ್ದರಿಂದ ಕೊನೆಯ ಟ್ರೈಕ್ಯಾಟ್ ಹಾಕಿಸಿದ ದಿನವೇ ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಾರೀಕು ಕೇಳಿ ಬನ್ನಿ. ಆಮೇಲೆ ಹೊಲಿಗೆ ನೆಕ್ಕದಂತೆ ಬಟ್ಟೆಯ ಕೊರಳಪಟ್ಟಿ, ಹತ್ತು ದಿನ ಜಿಗಿಯದಂತೆ ಕಾವಲು ಬೇಕು; ಮನೆಯಲ್ಲಿ ಒಬ್ಬರಿಗೆ ರಜೆ ಇರುವ ವಾರ ನೋಡಿ ಗೊತ್ತುಮಾಡಿದರೆ ಸಾಕು.